ಗವಸು ತೆಗೆದ ಸಂಜೆ

ಚಳಿ ಹೋಗಿ ಬಿಸಿಲು ಇನ್ನೂ ಬಲಿಯದ ದಿನಗಳು. ಶನಿವಾರ, ಬೆಳಗಿನ ಹತ್ತು ಗಂಟೆಯ ಹೊತ್ತು. ನಡುಮನೆಯಲ್ಲಿ ಅಳಿಯ ಮಂಡಿಯೂರಿ ಕೂತು ಹೊಸ ಡಬ್ಬದ ಅಂಟುಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದ.

"ಕತ್ತರಿ ಕೊಡಲಾ?" ಎಂದರು ಅವನ ಅತ್ತೆ.

"ಬೇಡ ಅತ್ತೆ. ಡಬ್ಬ ಹರಿಯಬಾರದು. ನಾಳೆ ಇದು ಕೆಟ್ಟರೆ ಇದರಲ್ಲೇ ವಾಪಸ್ ಕಳಿಸಬೇಕು."

"ಇನ್ನೂ ಹೊರಗೇ ಬಂದಿಲ್ಲ, ಆಗಲೇ ಕೆಡೋ ಮಾತು!" ಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮ ನಕ್ಕರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೆ. ನೀನು ಕೂಸು ಹುಟ್ಟೋಕೆ ಮುಂಚೆ ಔಷಧಿ ಅರೆಯೋನು."

ದೊಡ್ಡಮ್ಮ ಅಂದರೆ ಅತ್ತೆಯ ಅಕ್ಕ. ವರ್ಷಕ್ಕೊಂದು ಸಲ ಬಂದು ವಾರ ಇದ್ದು, ಮನೆಯವರ ತಪ್ಪುಗಳನ್ನೆಲ್ಲ ಎತ್ತಿ ತೋರಿಸಿ, ಹೋಗುವಾಗ ಕಣ್ಣೀರು ಹಾಕಿ ಹೋಗುವವರು. ಅತ್ತೆಯನ್ನು ಬೀದಿಯಲ್ಲೆಲ್ಲ ಹೊಲಿಗೆಯಮ್ಮ ಅನ್ನುತ್ತಿದ್ದರು. ಬಾಗಿಲ ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಹೊಲಿಗೆಯಮ್ಮನ ಗಂಡ, ಮಗ್ಗದ ಯಜಮಾನರು. ಅವರು ಮಗ್ಗ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಹೆಸರು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಮನೆ ಎರಡಂತಸ್ತಿನದು. ಕೆಳಗೆ ಗಂಡ ಹೆಂಡತಿ, ಮೇಲೆ ಮಗಳು ಅಳಿಯ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವುದು ಅಳಿಯನ ಕೆಲಸ. ಯಾರಾದರೂ ಮನೆ ಅಳಿಯ ಅಂದರೆ, "ಮನೆ ಅಳಿಯ ಅಲ್ಲ, ಮಹಡಿ ಅಳಿಯ" ಎಂದು ತಾನೇ ನಗುತ್ತಿದ್ದ. ಸಿನಿಮಾ ಅಂದರೆ ಅವನಿಗೆ ಪ್ರಾಣ, ಅದರಲ್ಲೂ ಸಿನಿಮಾದ ಸದ್ದು. ದೊಡ್ಡ ಟಿವಿಯನ್ನೂ ಅದರ ಸುತ್ತಲಿನ ಸ್ಪೀಕರುಗಳನ್ನೂ ಮೇಲಿನ ತನ್ನ ಕೋಣೆಯಲ್ಲಿ ಇಟ್ಟುಕೊಳ್ಳದೆ ಕೆಳಗಿನ ನಡುಮನೆಯಲ್ಲಿಟ್ಟಿದ್ದ. ಎಲ್ಲರೂ ಕೂತು ನೋಡಬೇಕು ಅನ್ನುವುದು ಅವನ ಆಸೆ.

ಎಲ್ಲರೂ ಕೂರುತ್ತಿದ್ದರು, ಯಜಮಾನರೊಬ್ಬರನ್ನು ಬಿಟ್ಟು. ಅವರೂ ಮೊದಲು ಕೂರುತ್ತಿದ್ದರು. ಒಂದಿಷ್ಟು ಹೊತ್ತು ಆದಮೇಲೆ ಮೆಲ್ಲಗೆ ಎದ್ದು, "ನೂಲಿನುಂಡೆ ಜೋಡಿಸೋದಿದೆ" ಎಂದು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದರು. ಹೆಂಡತಿಯ ಹೊಲಿಗೆಯ ನೂಲು ಅಷ್ಟೊಂದು ಸಲ ಜೋಡಿಸಿಕೊಂಡದ್ದು ಯಾವ ಮನೆಯಲ್ಲೂ ಇರಲಾರದು.

ಇದು ಅಳಿಯನ ಮನಸ್ಸಿಗೆ ನಾಟಿತ್ತು. ಮಾವನ ಎದುರು ಬಾಯಿಬಿಟ್ಟು ಹೇಳಿರಲಿಲ್ಲ. ಹಿಂದಿನ ದಿನ ಸಂಜೆ ಹೊಲಿಗೆಯಮ್ಮ ಗಂಡನ ಎದುರು ಕೂತು, ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದರು.

"ರೀ, ಅಳಿಯ ನಮ್ಮ ಮಗಳ ಹತ್ತಿರ ಹೇಳಿದನಂತೆ. ಇದೊಂದು ಸಲ ನೋಡ್ತೀನಿ, ಈ ಹೊಸ ಪೆಟ್ಟಿಗೆ ಹಾಕಿದಮೇಲೂ ಮಾವ ಎದ್ದು ಹೋದರೆ, ಎಲ್ಲ ಬಿಚ್ಚಿ ಮೇಲಕ್ಕೆ ತಗೊಂಡು ಹೋಗ್ತೀನಿ, ಅವರಿಗೆ ನಾನು ಮಾಡೋ ಸದ್ದು ಹಿಡಿಸಲ್ಲ, ನಾನೂ ಹಿಡಿಸಲ್ಲ ಅಂತ ಕಾಣುತ್ತೆ ಅಂದನಂತೆ."

ಯಜಮಾನರು ಅವರ ಮುಖವನ್ನೇ ನೋಡುತ್ತಿದ್ದರು.

"ಮೇಲಕ್ಕೆ ಹೋದರೆ ಏನಾಯಿತು ಅನ್ನಬಹುದು ನೀವು. ಆಮೇಲೆ ಅವರಿಬ್ಬರು ಮೇಲೆ, ನಾವಿಬ್ಬರು ಕೆಳಗೆ. ಒಂದೇ ಮನೆಗೆ ಎರಡೆರಡು ಸಂಜೆ ಯಾಕೆ? ನಾಳೆ ಒಂದಿನ ಕೂತ್ಕೊಳ್ರೀ."

"ಕೂತ್ಕೊಳ್ತೀನಿ," ಎಂದಿದ್ದರು ಯಜಮಾನರು. ಅಂದದ್ದು ಸುಲಭ. ಕೂತು ಮಾಡುವುದೇನು ಅನ್ನುವುದು ಅವರಿಗೊಬ್ಬರಿಗೇ ಗೊತ್ತು.

ಅವರಿಗೆ ಕಿವಿ ಸೋತಿತ್ತು.

ಪೂರ್ತಿ ಹೋಗಿರಲಿಲ್ಲ. ಬಾಗಿಲು ಬಡಿದರೆ ಕೇಳುತ್ತಿತ್ತು, ಬೀದಿಯಲ್ಲಿ ಲಾರಿ ಹೋದರೆ ಕೇಳುತ್ತಿತ್ತು. ಮಾತು ಬಂದರೆ ಮಾತ್ರ ಮಗ್ಗದ ಉದ್ದೆಳೆಯ ಹಾಗೆ ಬರೀ ಹಾಸು ಕೇಳುತ್ತಿತ್ತು, ಅಡ್ಡೆಳೆಯ ಹೊಕ್ಕು ಇರುತ್ತಿರಲಿಲ್ಲ. ಹೊಕ್ಕಿಲ್ಲದ ಹಾಸು ಬಟ್ಟೆ ಆಗುತ್ತದೆಯೇ? ಸಣ್ಣ ಸಣ್ಣ ಸದ್ದುಗಳು, ಸಾ, ಚಾ, ತಾ ಅನ್ನುವ ಅಕ್ಷರಗಳು, ಎಲ್ಲೋ ಜಾರಿ ಬಿದ್ದುಹೋಗಿ, ಉಳಿದದ್ದು ಗೊಂಯ್ ಎನ್ನುತ್ತಿತ್ತು.

ಆದರೂ ಇದು ಯಾರಿಗೂ ಗೊತ್ತಾಗದೆ ಇಷ್ಟು ದಿನ ನಡೆದುಬಂದಿತ್ತು. ಅದಕ್ಕೆ ಕಾರಣವೂ ಮಗ್ಗವೇ. ಕರೆಂಟಿನ ಮಗ್ಗಗಳು ಸಾಲಾಗಿ ನಿಂತು ಬಡಿದುಕೊಳ್ಳುವ ಶೆಡ್ಡಿನಲ್ಲಿ ಪಕ್ಕದವನು ಕಿರುಚಿದರೂ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡಿದವರಿಗೆಲ್ಲ ತುಟಿ ನೋಡಿ ಮಾತು ಹಿಡಿಯುವುದು ಬರುತ್ತದೆ. ಸದ್ದಿಲ್ಲದೆ ತುಟಿ ಆಡಿಸಿ ಈ ತುದಿಯಿಂದ ಆ ತುದಿಗೆ ಹರಟೆ ಹೊಡೆಯುತ್ತಿದ್ದರು, ಬೈದಾಡುತ್ತಿದ್ದರು, ಮದುವೆ ಮಾತೂ ಆಡುತ್ತಿದ್ದರು. ಹೊಲಿಗೆಯಮ್ಮ ಮತ್ತು ಅವರ ಅಕ್ಕ ಆಗ ಅಲ್ಲೇ ಕಂಡಿಕೆಗೆ ನೂಲು ಸುತ್ತುವ ಹುಡುಗಿಯರು. ಯಜಮಾನರು ಹೊಲಿಗೆಯಮ್ಮನನ್ನು ಮದುವೆ ಆಗುತ್ತೀಯಾ ಎಂದು ಕೇಳಿದ್ದೂ ಹಾಗೇ, ಹತ್ತಾರು ಮಗ್ಗಗಳ ಆಚೆಯಿಂದ, ತುಟಿಯಲ್ಲಿ. ಹಾಗಾಗಿ ಮನೆಯಲ್ಲಿ ಎದುರು ಕೂತು ಮಾತಾಡಿದರೆ ಅವರಿಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಟಿವಿಯಲ್ಲಿ ಅದು ನಡೆಯುತ್ತದೆಯೇ? ಒಬ್ಬ ಬೆನ್ನು ತಿರುಗಿಸಿ ಮಾತಾಡುತ್ತಾನೆ. ಇನ್ನೊಬ್ಬನಿಗೆ ಮೀಸೆ. ಬೇರೆ ಭಾಷೆಯಿಂದ ಬಂದ ಸಿನಿಮಾದಲ್ಲಂತೂ ತುಟಿ ಒಂದು ಹೇಳಿದರೆ ಮಾತು ಇನ್ನೊಂದು.

ಯಾಕೆ ಹೇಳಲಿಲ್ಲ ಅಂದರೆ, ಆ ಶೆಡ್ಡಿನಲ್ಲಿ ಒಬ್ಬ ಹಿರಿಯ ಇದ್ದ. ಕಿವುಡಣ್ಣ ಎಂದು ಹೆಸರಿಟ್ಟಿದ್ದರು. ಹೆಸರು ಬಿದ್ದ ದಿನದಿಂದ ಯಾರೂ ಅವನ ಜೊತೆ ಮಾತಾಡುತ್ತಿರಲಿಲ್ಲ, ಅವನ ಎದುರಿಗೇ ಅವನ ವಿಷಯ ಮಾತಾಡುತ್ತಿದ್ದರು. ಆಗ ನಕ್ಕವರಲ್ಲಿ ಯಜಮಾನರೂ ಒಬ್ಬರು. ಆ ಹೆಸರು ತಮ್ಮ ಬಾಗಿಲಿಗೆ ಬರುವುದು ಅವರಿಗೆ ಬೇಡವಾಗಿತ್ತು.

ಪೆಟ್ಟಿಗೆ ಹೊರಗೆ ಬಂತು. ಕಪ್ಪಗೆ, ಅಗಲವಾಗಿ, ಮುಂದೆ ಒಂದೇ ಒಂದು ತಿರುಪು. ಹಿಂದೆ ತಿರುಗಿಸಿದರೆ ತೂತೇ ತೂತು.

"ಇದೇನು ಇದು, ಜರಡಿ!" ಎಂದರು ದೊಡ್ಡಮ್ಮ.

"ಪ್ರೊಸೆಸರ್ ಅಂತ, ದೊಡ್ಡತ್ತೆ. ಯಾವ ಸದ್ದು ಯಾವ ಸ್ಪೀಕರಿಗೆ ಹೋಗಬೇಕು, ಎಷ್ಟು ಹೋಗಬೇಕು, ಇದು ಹಂಚುತ್ತೆ."

"ಬಡಿಸೋಳು ಅನ್ನು."

"ಹಾಗೇ ಅಂದ್ಕೊಳಿ. ನಮ್ಮ ಹಳೆಯದು ಎಲ್ಲರಿಗೂ ಒಂದೇ ಸೌಟು. ಇದು ಯಾರ ತಟ್ಟೆ ಎಲ್ಲಿದೆ, ಹಸಿವೆಷ್ಟು ಅಂತ ಅಳೆದು ಬಡಿಸುತ್ತೆ."

ವೈರುಗಳು ಗೋಡೆಯ ಅಂಚಿನಲ್ಲಿ ಬಂದು ಒಂದೇ ಕಡೆ ರಾಶಿ ಬಿದ್ದಿದ್ದವು. ಯಾವುದು ಎಲ್ಲಿಂದ ಬಂದದ್ದು ಅನ್ನುವುದು ಅಳಿಯನಿಗೂ ಮರೆತಿತ್ತು. ಮಗಳು ಒಂದೊಂದೇ ವೈರು ಹಿಡಿದು ಎಳೆಯುತ್ತ ಹೋಗಿ, "ಇದು ಕಿಟಕಿ ಪಕ್ಕದ್ದು", "ಇದು ಸೋಫಾ ಹಿಂದಿನದು" ಎಂದು ಕೂಗುತ್ತಿದ್ದಳು. ಹೊಲಿಗೆಯಮ್ಮ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕೊಟ್ಟರು. ಯಜಮಾನರು ಕೂತು ಗಂಟು ಹಾಕಿದರು. ಅದು ನೇಯುವವರ ಗಂಟು, ಕಡಲೆಬೀಜಕ್ಕಿಂತ ಸಣ್ಣದು, ಎಳೆದಷ್ಟೂ ಬಿಗಿಯುವಂಥದ್ದು.

"ಮಾವ, ನಿಮ್ಮ ಗಂಟು ಬಿಚ್ಚೋಕೆ ಬರಲ್ಲ," ಎಂದ ಅಳಿಯ ಮುಖ ಎತ್ತಿ.

"ಬಿಚ್ಚೋದು ಯಾಕೆ ಮತ್ತೆ?" ಎಂದರು ಯಜಮಾನರು. ಅಂದ ಮೇಲೆ, ಮೇಲಕ್ಕೆ ಒಯ್ಯುವ ಮಾತು ನೆನಪಾಗಿ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ವೈರಿನ ಕೆಲಸ ಮುಗಿಯಿತು. ಇನ್ನು ಅಳತೆಯ ಕೆಲಸ. ಅಳಿಯ ಒಂದು ಪುಟ್ಟ ಮೈಕನ್ನು ಕಡ್ಡಿಯಂಥ ಮೂರು ಕಾಲಿನ ಮೇಲೆ ನಿಲ್ಲಿಸಿ, ಸೋಫಾದ ಮೇಲೆ ಕೂತವರ ಕಿವಿಯ ಮಟ್ಟಕ್ಕೆ ಸರಿಮಾಡಿದ.

"ಈಗ ಒಂದೊಂದು ಸ್ಪೀಕರೂ ಸದ್ದು ಮಾಡುತ್ತೆ. ಈ ಮೈಕು ಕೇಳಿಸಿಕೊಂಡು ಪೆಟ್ಟಿಗೆಗೆ ಹೇಳುತ್ತೆ. ಎಲ್ಲಿ ಕಡಿಮೆ ಇದೆ ಅಲ್ಲಿ ಪೆಟ್ಟಿಗೆ ಹೆಚ್ಚು ಮಾಡುತ್ತೆ, ಎಲ್ಲಿ ಹೆಚ್ಚಿದೆ ಅಲ್ಲಿ ಕಡಿಮೆ ಮಾಡುತ್ತೆ. ಅಷ್ಟು ಹೊತ್ತು ಮನೆಯಲ್ಲಿ ಪಿಟ್ ಅನ್ನಬಾರದು. ಫ್ರಿಜ್ಜು, ಫ್ಯಾನು, ಎಲ್ಲ ಬಂದ್. ಎಲ್ಲರೂ ಅಡುಗೆಮನೆಗೆ."

"ನನ್ನ ಬಾಯಿ ಎಲ್ಲಿ ಬಂದ್ ಮಾಡಲಿ? ಸ್ವಿಚ್ಚಿಲ್ಲವಲ್ಲ," ಎನ್ನುತ್ತ ದೊಡ್ಡಮ್ಮ ಎದ್ದರು.

ಎಲ್ಲರೂ ಹೊರಟರು. ಕಡೆಗೆ ಉಳಿದವರು ಹೊಲಿಗೆಯಮ್ಮ. ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಲಿಗೆಯಮ್ಮನ ಮನೆಯಲ್ಲಿ ಗವಸಿಲ್ಲದ ಸಾಮಾನಿಲ್ಲ. ಹೊಲಿಗೆ ಮಿಷನ್ನಿಗೆ ಗವಸು, ರೇಡಿಯೋಗೆ ಗವಸು, ರಿಮೋಟಿಗೆ ಗುಂಡಿ ಇರುವ ಅಂಗಿ. ಮನೆಯಲ್ಲಿ ಬೆತ್ತಲೆ ಇರುವುದು ಗೋಡೆ ಗಡಿಯಾರ ಒಂದೇ, ಅದೂ ಅವರ ಕೈಗೆ ಎಟುಕದ್ದರಿಂದ ಎಂದು ಮಗಳು ತಮಾಷೆ ಮಾಡುತ್ತಿದ್ದಳು. ಆದರೆ ಅದಕ್ಕೊಂದು ಕಟ್ಟುನಿಟ್ಟು ಇತ್ತು. ಬಳಸುವಾಗ ಗವಸು ತೆಗೆಯಬೇಕು, ಬಳಸದಿದ್ದಾಗ ಹಾಕಬೇಕು. ಹೊಸ ಪೆಟ್ಟಿಗೆ ಬರುತ್ತದೆ ಎಂದು ಕೇಳಿ ಅವರು ಟಿವಿಯ ಕೆಳಗಿನ ಗೂಡಿನಲ್ಲಿದ್ದ ನಡುವಿನ ಸ್ಪೀಕರಿಗೆ, ಮಾತೆಲ್ಲ ಬರುವ ಆ ಉದ್ದನೆಯದಕ್ಕೆ, ಕಪ್ಪು ಬಟ್ಟೆಯಲ್ಲಿ, ಒಳಗೆ ಹಳೆಯ ಕಂಬಳಿಯ ಪದರ ಕೊಟ್ಟು ಅಳತೆಗೆ ಸರಿಯಾಗಿ ಗವಸು ಹೊಲಿದಿಟ್ಟಿದ್ದರು. ಅಳಿಯನಿಗೆ ಸಂಜೆ ತೋರಿಸೋಣವೆಂದು ಗುಟ್ಟಾಗಿ ಇಟ್ಟಿದ್ದರು. ಈಗ ಯಂತ್ರ ಬಂದು ಮನೆಯೆಲ್ಲ ಅಳೆಯುತ್ತದಂತೆ. ಧೂಳಿನ ಸ್ಪೀಕರನ್ನು ತೋರಿಸುವುದೇ? ಸಿನಿಮಾ ಇನ್ನೂ ಸಂಜೆಗೆ. ಅವರ ಲೆಕ್ಕದಲ್ಲಿ ಅಳತೆ ಬಳಕೆ ಅಲ್ಲ.

ಗವಸು ಹಾಕಿ, ತುದಿ ಎಳೆದು ಸರಿಮಾಡಿ, ಅಡುಗೆಮನೆಗೆ ಬಂದರು. ಕಪ್ಪಿನ ಮೇಲೆ ಕಪ್ಪು. ಗೂಡಿನ ಒಳಗೆ ಯಾರಿಗೂ ಕಾಣುವಂತಿರಲಿಲ್ಲ. ಅಳಿಯ ಬಾಗಿಲ ಹತ್ತಿರ ನಿಂತು ಫೋನು ಒತ್ತಿದ.

ಊಊಊಯ್ ಎಂದು ಒಂದು ಸದ್ದು ಕೆಳಗಿನಿಂದ ಎದ್ದು ಮೇಲೆ ಮೇಲೆ ಹತ್ತಿತು. ಯಜಮಾನರಿಗೂ ಕೇಳಿತು. ದಪ್ಪಗೆ ಶುರುವಾಗಿ, ತೆಳ್ಳಗಾಗಿ, ದಾರದಂತಾಗಿ, ಮುಗಿಯಿತು. ಮುಗಿಯಿತು ಎಂದು ಅವರು ಉಸಿರು ಬಿಟ್ಟರು. ಆದರೆ ದೊಡ್ಡಮ್ಮ ಇನ್ನೂ ಎರಡು ಕಿವಿಗೂ ಬೆರಳಿಟ್ಟು ಮುಖ ಕಿವುಚಿಕೊಂಡೇ ಇದ್ದರು. ಮಗಳು ಹಲ್ಲು ಕಚ್ಚಿದ್ದಳು. ಆಮೇಲೆ ಒಟ್ಟಿಗೆ ಇಬ್ಬರ ಮುಖವೂ ಬಿಚ್ಚಿಕೊಂಡಿತು.

ಮತ್ತೊಂದು ಸ್ಪೀಕರು. ಮತ್ತೆ ಹಾಗೇ. ಅವರಿಗೆ ಮುಗಿದಮೇಲೂ ಉಳಿದವರಿಗೆ ಇನ್ನೂ ಇತ್ತು. ತಮ್ಮ ಸೀರೆ ಮುಗಿದರೂ ಪಕ್ಕದ ಮಗ್ಗದಲ್ಲಿ ಇನ್ನೂ ಸೆರಗು ನೇಯುತ್ತಲೇ ಇದ್ದ ಹಾಗೆ. ಇಷ್ಟು ಉದ್ದ ತಮ್ಮಿಂದ ತುಂಡಾಗಿ ಹೋಗಿದೆ ಎಂದು ಅವರಿಗೆ ತಿಳಿದದ್ದು ಆವತ್ತೇ. ಅವರೂ ಉಳಿದವರಂತೆ ಮುಖ ಕಿವುಚಿದರು. ಉಳಿದವರು ಬಿಟ್ಟಾಗ ಬಿಟ್ಟರು.

ಸೋಫಾದ ಒಂದೊಂದು ಜಾಗಕ್ಕೂ ಮೈಕು ಸರಿಸಿ, ಪಕ್ಕದ ಬೆತ್ತದ ಕುರ್ಚಿಯ ಮುಂದೆಯೂ ಅಳೆದು, ಅಳಿಯ ಫೋನು ನೋಡಿ ಹುಬ್ಬೇರಿಸಿದ. "ನಡುವಿನ ಸ್ಪೀಕರಿಗೆ ಭಾರಿ ಹೆಚ್ಚಿಗೆ ಕೊಟ್ಟಿದೆಯಲ್ಲ. ಗೂಡಿನೊಳಗೆ ಇದೆ, ಅದಕ್ಕೇ ಇರಬೇಕು," ಎಂದು ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಕೊಟ್ಟುಕೊಂಡ.

ಸಂಜೆ ದೀಪ ಹಾಕುವ ಹೊತ್ತಿಗೆ ಎಲ್ಲರೂ ಕೂತರು. ಯಜಮಾನರ ಜಾಗ ಬಾಗಿಲಿಗೆ ಹತ್ತಿರದ ಬೆತ್ತದ ಕುರ್ಚಿ. ಎದ್ದು ಹೋಗಲು ಅನುಕೂಲವೆಂದೇ ಅವರು ಆರಿಸಿಕೊಂಡದ್ದು. ಅಳಿಯ ಅದನ್ನು ಒಂದು ಸಲ ನೋಡಿದ. ಅವನು ರಿಮೋಟಿನ ಅಂಗಿಯ ಗುಂಡಿ ಬಿಚ್ಚುವಷ್ಟರಲ್ಲಿ ಹೊಲಿಗೆಯಮ್ಮ ಹೋಗಿ ಸ್ಪೀಕರಿನ ಗವಸು ತೆಗೆದು, ಮಡಿಸಿ, ಸೆರಗಿನ ಕೆಳಗಿಟ್ಟುಕೊಂಡು ಬಂದು ಕೂತರು. ಸಿನಿಮಾ ಮುಗಿದಮೇಲೆ ತೋರಿಸಿದರಾಯಿತು.

ಸಿನಿಮಾ ಶುರುವಾಯಿತು. ಕೂತ ಕಡೆ ಗಟ್ಟಿಯಾಗಿ ಕೂರಬೇಕು, ಏನೇ ಆಗಲಿ ಏಳಬಾರದು ಎಂದು ಯಜಮಾನರು ಕುರ್ಚಿಯ ಕೈ ಹಿಡಿದುಕೊಂಡರು.

ಒಬ್ಬ ಮುದುಕ ಬೆನ್ನು ತಿರುಗಿಸಿ ನಿಂತು, ಬೀಗ ತೆಗೆಯುತ್ತ ಗೊಣಗುತ್ತಿದ್ದ. "ಈ ಬೀಗದ ಕೈ ಚಿಕ್ಕದಾಯಿತೋ, ನನ್ನ ಕೈ ದಪ್ಪವಾಯಿತೋ."

ಯಜಮಾನರು ಬೆಚ್ಚಿದರು. ಬೆನ್ನಿಗೆ ತುಟಿಯಿಲ್ಲ. ಈ ಮಾತು ಬಂದದ್ದು ಎಲ್ಲಿಂದ? ಚಿಕ್ಕದಾಯಿತೋ ಅನ್ನುವುದರ ಚಿ, ಕ್ಕ, ತೋ, ಒಂದೊಂದೂ ಬಿಡಿಬಿಡಿಯಾಗಿ, ಹೊಸ ನಾಣ್ಯ ಎಣಿಸಿದ ಹಾಗೆ ಬಂದು ಬಿದ್ದವು. ಬೀಗದ ಕೈಗೊಂಚಲು ಕಿಲಿಕಿಲಿ ಎಂದಿತು. ಕಿಲಿಕಿಲಿ ಅನ್ನುವ ಒಂದು ಸದ್ದು ಲೋಕದಲ್ಲಿ ಇದೆ ಅನ್ನುವುದನ್ನೇ ಅವರು ಮರೆತಿದ್ದರು.

ಮುದುಕನ ಹೆಂಡತಿ ಕತ್ತಲೆಯೊಳಗಿನಿಂದ, "ದಪ್ಪ ಆಗಿರೋದು ಕೈಯಲ್ಲ, ತಲೆ," ಎಂದಳು.

ಯಜಮಾನರು ಹಹ್ಹಾ ಎಂದು ನಕ್ಕುಬಿಟ್ಟರು. ನಕ್ಕಮೇಲೆ ನೋಡಿದರೆ ತಾವೊಬ್ಬರೇ. ಎಷ್ಟೋ ವರ್ಷಗಳಿಂದ ಅವರು ಬೇರೆಯವರ ನಗು ನೋಡಿ, ಅದರ ಬಾಲ ಹಿಡಿದು ನಗುತ್ತಿದ್ದವರು. ಇವತ್ತು ಅವರದೇ ಮೊದಲು. ಉಳಿದವರು ನಗುವುದಿರಲಿ, ಮುಖ ಹಿಂಡಿಕೊಂಡು ಕೂತಿದ್ದರು.

"ಅಯ್ಯಯ್ಯೋ, ನಿಲ್ಲಿಸೋ ಮಾರಾಯ! ಇದೇನು ಮಾತೋ, ಸೂಜಿಯೋ! ಕಿವಿ ಚುಚ್ಚಿ ಓಲೆ ಹಾಕೋ ಹಾಗಿದೆ," ಎಂದರು ದೊಡ್ಡಮ್ಮ.

"ಸಾ ಅಂದರೆ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತೆ," ಎಂದಳು ಮಗಳು.

ಅಳಿಯ ನಿಲ್ಲಿಸಿದ. ಅವನ ಮುಖ ಸಣ್ಣದಾಗಿತ್ತು. ಎದ್ದು ಹೋಗಿ ವೈರು ನೋಡಿದ, ಗೂಡಿನ ಒಳಗೆ ಕೈ ಹಾಕಿ ನೋಡಿದ. ತಿರುಗಿದಾಗ ಅತ್ತೆಯ ಸೆರಗಿನ ಅಂಚಿನಿಂದ ಇಣುಕುತ್ತಿದ್ದ ಕಪ್ಪು ಬಟ್ಟೆ ಕಣ್ಣಿಗೆ ಬಿತ್ತು.

"ಅತ್ತೆ, ಅದೇನದು?"

"ಗವಸು. ನಿನಗೆ ಆಮೇಲೆ ತೋರಿಸೋಣ ಅಂತ..."

"ಯಾವಾಗ ಹಾಕಿದ್ರಿ?"

"ಮಧ್ಯಾಹ್ನ, ನೀನು ಅಳೆಯೋಕೆ ಮುಂಚೆ. ಈಗ ತೆಗೆದೆ. ನೋಡುವಾಗ ತೆಗೀಬೇಕಲ್ಲಪ್ಪ, ಅಷ್ಟೂ ಗೊತ್ತಿಲ್ಲವಾ ನನಗೆ?"

ಅಳಿಯ ಗವಸನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದ, ಒಳಗಿನ ಕಂಬಳಿ ಮುಟ್ಟಿ ನೋಡಿದ. ಆಮೇಲೆ ನೆಲದ ಮೇಲೆ ಕೂತು ನಗಲು ಶುರುಮಾಡಿದ. "ಬಾಯಿಗೆ ಕಂಬಳಿ ಕಟ್ಟಿ ಮಾತಾಡು ಅಂದಿದ್ದೀರಿ ಅತ್ತೆ. ಪೆಟ್ಟಿಗೆ ಏನು ಮಾಡುತ್ತೆ ಪಾಪ, ಕೇಳಿಸ್ತಾ ಇಲ್ಲ, ಕೇಳಿಸ್ತಾ ಇಲ್ಲ ಅಂತ ಸಣ್ಣ ಸದ್ದನ್ನೆಲ್ಲ ಎತ್ತಿ ಎತ್ತಿ ಕೊಟ್ಟಿದೆ. ಈಗ ಕಂಬಳಿ ತೆಗೆದಿದ್ದೀರಿ. ಅದು ಇನ್ನೂ ಕಿರುಚುತ್ತಲೇ ಇದೆ!"

ಎಲ್ಲರೂ ನಕ್ಕರು. ಹೊಲಿಗೆಯಮ್ಮ, "ನನಗೇನು ಗೊತ್ತು," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಪರವಾಗಿಲ್ಲ, ಬೇಗ ಸರಿಮಾಡ್ತೀನಿ. ಗವಸಿಲ್ಲದೆ ಇನ್ನೊಂದು ಸಲ ಅಳೆದರೆ ಆಯಿತು. ಎಲ್ಲ ಮೊದಲಿನ ಹಾಗೆ ನುಣ್ಣಗೆ ಬರುತ್ತೆ," ಎಂದು ಅಳಿಯ ಮೈಕು ಎತ್ತಿಕೊಂಡ.

ಯಜಮಾನರು ಕುರ್ಚಿಯ ಅಂಚಿಗೆ ಸರಿದರು. ಮೊದಲಿನ ಹಾಗೆ ಅಂದರೆ ಗೊಂಯ್. ಮುದುಕನ ಬೆನ್ನಿನ ಮಾತು ಮತ್ತೆ ಬೆನ್ನಿನ ಹಿಂದೆಯೇ ಉಳಿಯುತ್ತದೆ. ತಾವು ಎದ್ದು ನೂಲಿನುಂಡೆಯ ಹತ್ತಿರ ಹೋಗುತ್ತಾರೆ. ಪೆಟ್ಟಿಗೆ, ಟಿವಿ, ಸಂಜೆ ಎಲ್ಲ ಮಹಡಿ ಹತ್ತುತ್ತವೆ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಮನೆ ಎರಡಾಗುತ್ತದೆ.

"ಅಳಿಯಂದಿರೇ," ಎಂದರು. "ಅದನ್ನ ಮುಟ್ಟಬೇಡಿ."

"ಯಾಕೆ ಮಾವ? ಇದು ತಪ್ಪಾಗಿದೆ."

"ನಿಮಗೆ ತಪ್ಪು. ನನಗೆ ಇವತ್ತೇ ಸರಿಯಾಗಿರೋದು."

ಯಾರಿಗೂ ಅರ್ಥವಾಗಲಿಲ್ಲ. ಯಜಮಾನರು ಕೆಳಗೆ ನೋಡಿಕೊಂಡೇ ಹೇಳಿದರು. "ನನಗೆ ಕಿವಿ ಸರಿಯಾಗಿ ಕೇಳಲ್ಲ. ತುಂಬಾ ದಿನ ಆಯಿತು. ಮಾತು ಬರುತ್ತೆ, ಬಿಡಿಸಿಕೊಳ್ಳೋಕೆ ಆಗಲ್ಲ. ಎಲ್ಲರೂ ನಗುವಾಗ ಯಾಕೆ ಅಂತ ಗೊತ್ತಾಗದೆ ಕೂತಿರೋದು ಕಷ್ಟ ಆಗ್ತಿತ್ತು. ಅದಕ್ಕೇ ಎದ್ದು ಹೋಗ್ತಿದ್ದೆ. ನಿಮ್ಮ ಮೇಲೆ ಬೇಜಾರಿಂದ ಅಲ್ಲ. ಇವತ್ತು ಆ ಮುದುಕ ಅಂದದ್ದು ಪೂರ್ತಿ ಕೇಳಿಸಿತು. ಬೀಗದ ಕೈ ಚಿಕ್ಕದಾಯಿತೋ ಅಂದ."

ಹೊಲಿಗೆಯಮ್ಮ ಎದ್ದು ಗಂಡನ ಎದುರು ಬಂದು ನಿಂತರು.

"ನನಗೂ ಹೇಳಲಿಲ್ಲವಲ್ಲ ನೀವು," ಎಂದರು ಹೊಲಿಗೆಯಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಿನ್ನ ಮಾತು ಯಾವತ್ತೂ ತಪ್ಪಿಲ್ಲ ನನಗೆ. ಅವತ್ತು ಶೆಡ್ಡಲ್ಲಿ ನೀನು ಹೂಂ ಅಂದದ್ದು ಕಿವಿಗೆ ಕೇಳಿಸಿತ್ತಾ?"

"ನನಗೆ ಅನುಮಾನ ಇತ್ತು," ಎಂದರು ದೊಡ್ಡಮ್ಮ. "ಬಂದಾಗಿಂದ ನೋಡ್ತಾ ಇದ್ದೀನಿ, ಈ ಮಗ್ಗದ ಯಜಮಾನರು ನನ್ನ ಮುಖದಿಂದ ಕಣ್ಣು ತೆಗೆಯಲ್ಲ. ಈ ವಯಸ್ಸಲ್ಲಿ ನಾನೇನು ಅಷ್ಟು ಚೆಲುವೆನಾ ಅಂತ ಕನ್ನಡೀಲೂ ನೋಡಿಕೊಂಡೆ."

ಹೊಲಿಗೆಯಮ್ಮ ಅಳುವಿನ ನಡುವೆಯೇ ನಕ್ಕರು. ಯಾರೂ ಕಿವುಡಣ್ಣ ಅನ್ನಲಿಲ್ಲ. ಅನ್ನುವ ಬಾಯಿ ಅಂತ ಒಂದಿದ್ದರೆ ಅದು ದೊಡ್ಡಮ್ಮನದು. ಅದೂ ಅನ್ನಲಿಲ್ಲ.

ಅಳಿಯ ಮೈಕು ಹಿಡಿದುಕೊಂಡು ನಿಂತೇ ಇದ್ದ. ಹತ್ತಿರ ಬಂದು, ಬೆತ್ತದ ಕುರ್ಚಿಯ ಎದುರಿಗೆ ಕೂತು, ಮುಖ ಕಾಣುವ ಹಾಗೆ ತಲೆ ಎತ್ತಿ ಹೇಳಿದ. "ಮಾವ, ಈ ಪೆಟ್ಟಿಗೆಯಲ್ಲಿ ಒಂದೇ ಅಳತೆ ಅಂತಿಲ್ಲ. ನಾಲ್ಕಾರು ಇಟ್ಟುಕೊಳ್ಳಬಹುದು. ಇವತ್ತಿನದು ಹೀಗೇ ಇರಲಿ, ಇದು ನಿಮ್ಮದು. ನಾವು ನಾವೇ ನೋಡುವಾಗ ಇನ್ನೊಂದು."

"ನೀವು ನೀವೇ ನೋಡೋದು ಯಾವಾಗ? ನಾನೂ ಇರ್ತೀನಲ್ಲ."

"ಹಾಗಾದರೆ ಇನ್ನೊಂದು ಬೇಡ," ಎಂದ ಅಳಿಯ. ಅವನ ಮುಖ ಬಿಚ್ಚಿಕೊಂಡಿತು. ಫೋನಿನಲ್ಲಿ ಆ ಅಳತೆಗೆ ಒಂದು ಹೆಸರು ಕೊಡಬೇಕಿತ್ತು. ಏನಿಡಲಿ ಎಂದು ಕೇಳಿದ. ಮಾವ ಅಂತ ಇಡು ಎಂದಳು ಮಗಳು. ಯಜಮಾನರು ಬೇಡವೆಂದರು. ಕಡೆಗೆ 'ಗವಸು' ಎಂದು ಬರೆದ. ಒಟ್ಟು ಸದ್ದನ್ನು ಸ್ವಲ್ಪ ಇಳಿಸಿದ. ಬೆತ್ತದ ಕುರ್ಚಿಯನ್ನು ಬಾಗಿಲ ಹತ್ತಿರದಿಂದ ಎತ್ತಿ ಟಿವಿಗೆ ಹತ್ತಿರ ತಂದಿಟ್ಟ. ದೊಡ್ಡಮ್ಮ ಕಿವಿಗೆ ಹತ್ತಿ ಇಟ್ಟುಕೊಂಡರು. ಸಿನಿಮಾ ಮೊದಲಿನಿಂದ ಶುರುವಾಯಿತು. ಬೀಗದ ಕೈಯ ಮಾತಿಗೆ ಈ ಸಲ ಎಲ್ಲರೂ ನಕ್ಕರು, ಯಜಮಾನರು ಒಂದು ಗಳಿಗೆ ಮುಂಚೆ. ಪೂರ್ತಿ ಮುಗಿಯುವವರೆಗೂ ಅವರು ಎದ್ದದ್ದು ಒಂದೇ ಸಲ, ನೀರು ಕುಡಿಯಲು. ಆಗಲೂ, "ಸ್ವಲ್ಪ ನಿಲ್ಲಿಸಿ, ಬಂದೆ," ಎಂದು ಹೇಳಿ ಹೋದರು.

ಗವಸು ಮಾತ್ರ ಕೆಲಸವಿಲ್ಲದೆ ಉಳಿಯಲಿಲ್ಲ. ಸಿನಿಮಾ ಮುಗಿದೊಡನೆ ಹೊಲಿಗೆಯಮ್ಮ ಅದನ್ನು ಸ್ಪೀಕರಿಗೆ ಹಾಕಿ ತುದಿ ಎಳೆದು ಸರಿಮಾಡಿದರು. ಭಾನುವಾರ ತೆಗೆದರು, ಹಾಕಿದರು. ಸೋಮವಾರವೂ ಹಾಗೇ.

ಮಂಗಳವಾರ ಬೆಳಗ್ಗೆ ದೊಡ್ಡಮ್ಮನ ಪ್ರಯಾಣ. ಚೀಲಗಳನ್ನು ಬಸ್ಸಿಗೆ ಏರಿಸಿ ಮಾವ ಅಳಿಯ ಕೆಳಗೆ ನಿಂತಿದ್ದರು. ಬಸ್ಸು ಗುಡುಗುತ್ತಿತ್ತು. ದೊಡ್ಡಮ್ಮ ಮುಚ್ಚಿದ ಕಿಟಕಿಯ ಗಾಜಿನ ಹಿಂದಿನಿಂದ, ಕಣ್ಣೊರೆಸಿಕೊಂಡು, ಹಳೆಯ ಶೆಡ್ಡಿನ ಹುಡುಗಿಯ ಹಾಗೆ ಸದ್ದಿಲ್ಲದೆ ತುಟಿ ಆಡಿಸಿದರು. ಒಂದೊಂದು ಮಾತೂ ಸ್ಪಷ್ಟ. ಸುಮ್ಮನೆ ಕೂರಬೇಡಿ, ಈ ವಾರವೇ ಹೋಗಿ ಡಾಕ್ಟರಿಗೆ ಕಿವಿ ತೋರಿಸಿ.

"ಏನಂದರು ಮಾವ?" ಎಂದು ಅಳಿಯ ಮುಖಕ್ಕೆ ಮುಖ ತಂದು ಕೇಳಿದ.

"ಏನೋ ಅಂದರು. ಕೇಳಿಸಲಿಲ್ಲ," ಎಂದರು ಯಜಮಾನರು.

ಬಸ್ಸು ತಿರುವಿನಲ್ಲಿ ಮರೆಯಾಯಿತು.